ಕಾರ್ ಶೆಡ್ಡಿನಲ್ಲೊಂದು ಕಬ್ಬಿಣದ ಕೆಲಸದ ಮೂಲೆ: ಯಾವ ಸಲಕರಣೆ ಮೊದಲು?

ಗೇಟಿನ ಕೀಲು ಕಿತ್ತುಹೋಗಿದೆ, ವಾಷಿಂಗ್ ಮಷೀನಿಗೊಂದು ಸ್ಟ್ಯಾಂಡ್ ಬೇಕು, ತಾರಸಿಯ ಮೇಲೆ ಹೂಕುಂಡ ಇಡಲು ಮೂರು ಮೆಟ್ಟಿಲಿನ ಚೌಕಟ್ಟು ಬೇಕು. ಇಂಥ ಚಿಲ್ಲರೆ ಕೆಲಸಕ್ಕೆ ಬಾ ಎಂದರೆ ವೆಲ್ಡಿಂಗ್ ಅಂಗಡಿಯವರು ನಾಳೆ, ನಾಡಿದ್ದು ಎನ್ನುತ್ತಾರೆ. ಅವರ ತಪ್ಪೂ ಅಲ್ಲ. ದೊಡ್ಡ ಗೇಟು, ಗ್ರಿಲ್ಲಿನ ಕೆಲಸ ಕೈಯಲ್ಲಿರುವಾಗ ಅರ್ಧ ಗಂಟೆಯ ಕೆಲಸಕ್ಕೆ ಯಂತ್ರ ಹೊತ್ತು ಬರಲು ಯಾರಿಗೂ ಕಟ್ಟುವುದಿಲ್ಲ. ಹಾಗಾಗಿ ಮನೆಯ ಕಾರ್ ಶೆಡ್ಡಿನಲ್ಲೇ ಒಂದು ಮೂಲೆ ಮಾಡಿಕೊಂಡು ಕಬ್ಬಿಣದ ಕೆಲಸ ಕಲಿಯುವವರು ಹೆಚ್ಚುತ್ತಿದ್ದಾರೆ. ಒಂದೇ ಕೈಯಲ್ಲಿ ಎತ್ತಬಹುದಾದ ಇನ್ವರ್ಟರ್ ವೆಲ್ಡಿಂಗ್ ಮಷೀನುಗಳು ಬಂದ ಮೇಲೆ ಇದು ನಿಜಕ್ಕೂ ಸಾಧ್ಯವಾಗಿದೆ.

ಆದರೆ ಸಲಕರಣೆ ಕೊಳ್ಳುವ ಕ್ರಮ ಮಾತ್ರ ಸಾಮಾನ್ಯವಾಗಿ ತಲೆಕೆಳಗಾಗಿರುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಗೋ ಎಸ್.ಜೆ.ಪಿ. ರಸ್ತೆಗೋ ಹೋದವರು ಮೊದಲ ದಿನವೇ ವೆಲ್ಡಿಂಗ್ ಮಷೀನು, ಗ್ರೈಂಡರು, ಹದಿನಾಲ್ಕು ಇಂಚಿನ ಕಟಿಂಗ್ ಮಷೀನು ಹೊತ್ತು ತರುತ್ತಾರೆ. ಹಿಡಿಯಲು ವೈಸ್ ಇರುವುದಿಲ್ಲ, ಅಳೆಯಲು ಮೂಲೆಮಟ್ಟ ಇರುವುದಿಲ್ಲ. ಕೊನೆಗೆ ಪೈಪನ್ನು ಕಾಲಲ್ಲಿ ಒತ್ತಿ ಹಿಡಿದು ಗ್ರೈಂಡರ್ ಓಡಿಸುತ್ತಾರೆ. ಕಬ್ಬಿಣದ ಕೆಲಸದಲ್ಲಿ ಅರ್ಧಕ್ಕರ್ಧ ಇರುವುದು ಲೋಹವನ್ನು ಅಲುಗದಂತೆ ಹಿಡಿಯುವುದರಲ್ಲಿ. ಗಟ್ಟಿಯಾಗಿ ಹಿಡಿದ ಪಟ್ಟಿಯನ್ನು ಸಾಧಾರಣ ಹ್ಯಾಕ್ಸಾ ಕೂಡ ನೇರವಾಗಿ ಕೊಯ್ಯುತ್ತದೆ. ಅಲುಗುವ ಪಟ್ಟಿಯ ಮುಂದೆ ಎಷ್ಟು ದುಬಾರಿ ಯಂತ್ರವೂ ಕೈ ಕಚ್ಚುತ್ತದೆ. ಆದ್ದರಿಂದ ಮೊದಲ ದುಡ್ಡು ಹಿಡಿಯುವ ಸಾಮಾನಿಗೆ, ಆಮೇಲೆ ಅಳೆಯುವುದಕ್ಕೆ, ಕಣ್ಣು-ಕಿವಿಯ ರಕ್ಷಣೆಗೆ. ಯಂತ್ರಗಳು ಅವುಗಳ ಹಿಂದೆ ಬರಲಿ.

ಇನ್ನೊಂದು ಮಾತು ಮೊದಲೇ ತೀರ್ಮಾನವಾಗಬೇಕು: ನೀವು ಮಾಡುವ ಕೆಲಸದ ದಪ್ಪ ಎಷ್ಟು? ಮನೆ ಕೆಲಸದ ಬಹುಪಾಲು 3 ಮಿ.ಮೀ. ದಪ್ಪದ ಆ್ಯಂಗಲ್, 3ರಿಂದ 6 ಮಿ.ಮೀ. ಪಟ್ಟಿ, 16 ಅಥವಾ 18 ಗೇಜಿನ ಸ್ಕ್ವೇರ್ ಪೈಪು. ಹದಿನಾರು ಗೇಜ್ ಎಂದರೆ ಸುಮಾರು 1.6 ಮಿ.ಮೀ., ಹದಿನೆಂಟು ಎಂದರೆ 1.2 ಮಿ.ಮೀ. ಗೇಜ್ ಸಂಖ್ಯೆ ಏರಿದಷ್ಟೂ ತಗಡು ತೆಳುವಾಗುತ್ತದೆ ಎನ್ನುವುದು ನೆನಪಿರಲಿ. ಈ ವ್ಯಾಪ್ತಿಯ ಕೆಲಸಕ್ಕೆ ಕಾರ್ಖಾನೆಯ ಯಂತ್ರಗಳು ಬೇಕಿಲ್ಲ. ಹತ್ತು ಮಿ.ಮೀ. ಪ್ಲೇಟು ಬೆಸೆಯುವ ದಿನ ಬಂದರೆ ಅದನ್ನು ಅಂಗಡಿಗೇ ಕೊಡಿ.

ಕರೆಂಟ್ ಎಷ್ಟಿದೆ?

ಯಂತ್ರದ ಪೆಟ್ಟಿಗೆಯ ಮೇಲಿನ ಅಂಕಿ ಓದುವ ಮುಂಚೆ ಮನೆಯ ಕರೆಂಟ್ ಬಿಲ್ ಓದಬೇಕು. ಬೆಸ್ಕಾಂ, ಹೆಸ್ಕಾಂ, ಮೆಸ್ಕಾಂ ಯಾವುದೇ ಇರಲಿ, ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟು ಕಿಲೋವ್ಯಾಟ್ ಎಂದು ಇರುತ್ತದೆ. ಎರಡು ಕಿಲೋವ್ಯಾಟ್ ಮಂಜೂರಾದ ಮನೆಯಲ್ಲಿ ದೊಡ್ಡ ಕಟಿಂಗ್ ಮಷೀನು ಓಡಿಸುವುದು ಸಲ್ಲದು.

ವೆಲ್ಡಿಂಗಿಗೆ ಎಷ್ಟು ಕರೆಂಟ್ ಬೇಕು ಎಂಬುದನ್ನು ಕಾಗದದ ಮೇಲೆ ಲೆಕ್ಕ ಹಾಕಬಹುದು. 2.5 ಮಿ.ಮೀ. ವೆಲ್ಡಿಂಗ್ ರಾಡಿಗೆ ಸುಮಾರು 80 ಆಂಪಿಯರ್ ಬೇಕು. ಆಗ ಕಿಡಿಯ ಎರಡು ತುದಿಗಳ ನಡುವೆ ಸುಮಾರು 23 ವೋಲ್ಟ್ ಇರುತ್ತದೆ. ಎರಡನ್ನೂ ಗುಣಿಸಿದರೆ 1,850 ವ್ಯಾಟ್ ಆಸುಪಾಸು. ಯಂತ್ರದೊಳಗೆ ಸೋರುವ ಶಾಖ, ಅಗ್ಗದ ಇನ್ವರ್ಟರುಗಳ ಕಡಿಮೆ ಪವರ್ ಫ್ಯಾಕ್ಟರ್ ಸೇರಿದರೆ ಗೋಡೆಯ ಸಾಕೆಟ್ಟಿನಿಂದ 13-14 ಆಂಪಿಯರ್ ಎಳೆಯುತ್ತದೆ. ಅಂದರೆ ಸರಿಯಾದ ವೈರಿಂಗ್ ಇರುವ 16 ಆಂಪಿಯರ್ ಸಾಕೆಟ್ ಸಾಕು. ಆದರೆ 3.15 ಮಿ.ಮೀ. ರಾಡ್ ಹಾಕಿ 120 ಆಂಪಿಯರಿಗೆ ಏರಿಸಿದರೆ ಅದೇ ಲೆಕ್ಕ ಇಪ್ಪತ್ತು ಆಂಪಿಯರ್ ದಾಟುತ್ತದೆ. ಗೀಸರಿನ ಪ್ಲಗ್ ಪಾಯಿಂಟಿನಲ್ಲಿ ಅದು ನಡೆಯುವುದಿಲ್ಲ. ಎಲೆಕ್ಟ್ರಿಷಿಯನ್ ಕರೆಸಿ ಮೇನ್ ಬೋರ್ಡಿನಿಂದ ಶೆಡ್ಡಿಗೆ 4 ಚದರ ಮಿ.ಮೀ. ತಾಮ್ರದ ಪ್ರತ್ಯೇಕ ಲೈನು, ಅದಕ್ಕೊಂದು ಸಿ-ಕರ್ವ್ ಎಂ.ಸಿ.ಬಿ., ಕರೆಂಟ್ ಸೋರಿದರೆ ಲೈನು ಕಡಿಯುವ 30 ಮಿಲಿಆಂಪಿಯರಿನ ಆರ್.ಸಿ.ಸಿ.ಬಿ. ಹಾಕಿಸಿಕೊಳ್ಳುವುದು ಯಾವ ಯಂತ್ರಕ್ಕಿಂತಲೂ ಮೊದಲು ಆಗಬೇಕಾದ ಖರ್ಚು. ಸಿ-ಕರ್ವ್ ಏಕೆಂದರೆ, ಮೋಟಾರು ಶುರುವಾಗುವ ಕ್ಷಣದ ಎಳೆತಕ್ಕೆ ಬಿ-ಕರ್ವ್ ಎಂ.ಸಿ.ಬಿ. ಸುಮ್ಮಸುಮ್ಮನೆ ಬಿದ್ದುಬಿಡುತ್ತದೆ.

ಎಕ್ಸ್‌ಟೆನ್ಷನ್ ವೈರನ್ನು ಯಾರೂ ಗಮನಿಸುವುದಿಲ್ಲ. ಇಪ್ಪತ್ತು ಮೀಟರ್ ಉದ್ದದ 1 ಚದರ ಮಿ.ಮೀ. ವೈರಿನಲ್ಲಿ 14 ಆಂಪಿಯರ್ ಹರಿದರೆ ಸುಮಾರು 10 ವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತದೆ, 140 ವ್ಯಾಟ್ ಶಾಖ ವೈರಿನಲ್ಲೇ ಹುಟ್ಟುತ್ತದೆ. ಆ ವೈರು ಡ್ರಮ್ಮಿಗೆ ಸುತ್ತಿಕೊಂಡೇ ಇದ್ದರೆ ಶಾಖ ಹೊರಹೋಗದೆ ಒಳಗಿನ ಸುತ್ತುಗಳು ಕರಗುತ್ತವೆ. 2.5 ಚದರ ಮಿ.ಮೀ.ನ ವೈರು ತೆಗೆದುಕೊಳ್ಳಿ, ಬಳಸುವಾಗ ಪೂರ್ತಿ ಬಿಚ್ಚಿ. ಪಂಪ್‌ಸೆಟ್ ಓಡುವ ಹೊತ್ತಿಗೆ ವೋಲ್ಟೇಜ್ ಕುಸಿಯುವ ಹಳ್ಳಿಗಳಲ್ಲಿ ಕಡಿಮೆ ವೋಲ್ಟೇಜಿನಲ್ಲೂ ನಡೆಯುವ ಮಷೀನನ್ನೇ ಕೇಳಿ ಕೊಳ್ಳಬೇಕು. ಹಾಗೆಯೇ, ಮನೆ ದರದ ಸಂಪರ್ಕದಲ್ಲಿ ಹಣಕ್ಕೆ ಕೆಲಸ ಮಾಡಿಕೊಡಲು ಶುರುಮಾಡಿದರೆ ಅದು 2003ರ ವಿದ್ಯುತ್ ಕಾಯ್ದೆಯ 126ನೇ ಸೆಕ್ಷನ್ನಿನಡಿ ಅನಧಿಕೃತ ಬಳಕೆಯಾಗುತ್ತದೆ.

ಬೆಂಚು ಮತ್ತು ವೈಸ್

ಮರದ ಹಳೆಯ ಮೇಜಿನ ಮೇಲೆ ವೈಸ್ ಕೂರಿಸಿದರೆ ಅರ ಹಾಕುವಾಗ ಮೇಜೇ ನಡೆದಾಡುತ್ತದೆ, ವೆಲ್ಡಿಂಗಿನ ಕಿಡಿಗೆ ಮರ ಹೊತ್ತಿಕೊಳ್ಳುತ್ತದೆ. ಬೆಂಚು ಕಬ್ಬಿಣದ್ದೇ ಆಗಬೇಕು, ಭಾರವೂ ಇರಬೇಕು. ನಾಲ್ಕು ಅಡಿಗೆ ಎರಡಡಿ ಬೆಂಚಿನ ಲೆಕ್ಕ ಹೀಗೆ: 40×40 ಮಿ.ಮೀ., 2 ಮಿ.ಮೀ. ದಪ್ಪದ ಸ್ಕ್ವೇರ್ ಪೈಪು ಆರು ಮೀಟರಿನ ಎರಡು ಉದ್ದ. ಮೇಲೆ ಒಂದು ಚೌಕಟ್ಟು, ನಡುವೆ ಅಡ್ಡಪಟ್ಟಿ, ನಾಲ್ಕು ಕಾಲು, ಕಾಲಿನ ಕೆಳಭಾಗದಲ್ಲಿ ಇನ್ನೊಂದು ಚೌಕಟ್ಟು, ಎಲ್ಲವೂ ಇದರಲ್ಲಿ ಆಗಿ ತುಂಡು ಮಿಗುತ್ತದೆ. ಮೇಲಕ್ಕೆ 6 ಮಿ.ಮೀ. ಪ್ಲೇಟು, 1200×600 ಅಳತೆಗೆ ಕತ್ತರಿಸಿಕೊಂಡು ಬಂದದ್ದು. ಪ್ಲೇಟೊಂದೇ 34 ಕಿಲೋ ತೂಗುತ್ತದೆ, ಪೈಪು 25 ಕಿಲೋ ಆಸುಪಾಸು. ವೈಸ್ ಸೇರಿದರೆ ಬೆಂಚು ಜಪ್ಪಯ್ಯ ಎಂದರೂ ಅಲುಗುವುದಿಲ್ಲ.

ಮೊದಲ ಬೆಂಚನ್ನು ಊರಿನ ವೆಲ್ಡಿಂಗ್ ಅಂಗಡಿಯಲ್ಲೇ ಮಾಡಿಸಿ ಎನ್ನುತ್ತೇನೆ ನಾನು. ಪಕ್ಕದಲ್ಲಿ ಶೀಲ್ಡ್ ಹಿಡಿದು ನಿಂತು ನೋಡಿ: ಅವರು ಎಲ್ಲಿ ಟ್ಯಾಕ್ (ತುಂಡುಗಳನ್ನು ಹಿಡಿದಿಡುವ ಚುಕ್ಕೆ ಬೆಸುಗೆ) ಹಾಕುತ್ತಾರೆ, ಯಾವಾಗ ಮೂಲೆಮಟ್ಟ ಇಡುತ್ತಾರೆ, ಯಾವ ಬದಿಯಿಂದ ಬೆಸುಗೆ ಶುರುಮಾಡುತ್ತಾರೆ. ಪುಸ್ತಕದಲ್ಲಿ ಸಿಗದ ಪಾಠ ಅಲ್ಲಿ ಸಿಗುತ್ತದೆ. ಎತ್ತರ ಹೇಳುವಾಗ ಮಾತ್ರ ನಿಮ್ಮ ಮೈ ಅಳತೆ ಕೊಡಿ. ನೇರ ನಿಂತು ಮೊಣಕೈ ಮಡಚಿದಾಗ ಮೊಣಕೈ ಎಲ್ಲಿರುತ್ತದೋ ವೈಸಿನ ದವಡೆಯ ಮೇಲಂಚು ಅಲ್ಲಿಗೆ ಬರಬೇಕು. ಅದಕ್ಕಿಂತ ಕೆಳಗಿದ್ದರೆ ಸೊಂಟ ನೋಯುತ್ತದೆ, ಮೇಲಿದ್ದರೆ ಅರಕ್ಕೆ ಮೈಭಾರ ಬೀಳುವುದಿಲ್ಲ.

ವೈಸ್ ಐದು ಅಥವಾ ಆರು ಇಂಚಿನದು ಇರಲಿ. ಹಗುರವಾದದ್ದನ್ನು ಕೊಳ್ಳಬೇಡಿ. ಗುಜರಿಯಲ್ಲಿ ಹಳೆಯ ವೈಸ್ ಸಿಕ್ಕರೆ ಖುಷಿಯಿಂದ ನೋಡಬಹುದು, ಒಳ್ಳೆಯ ವೈಸಿಗೆ ಮುಪ್ಪಿಲ್ಲ. ದವಡೆ ಮುಚ್ಚಿ ಬೆಳಕಿಗೆ ಹಿಡಿದಾಗ ನಡುವೆ ಸಮನಾದ ಗೆರೆ ಕಾಣಬೇಕು. ಹಿಡಿಯನ್ನು ಹಿಂದಕ್ಕೆ ತಿರುಗಿಸಿದ ತಕ್ಷಣ ದವಡೆ ಹೊರಡಬೇಕು. ಕಾಲು ಸುತ್ತು ಖಾಲಿ ತಿರುಗಿದರೆ ಒಳಗಿನ ನಟ್ಟು ಸವೆದಿದೆ. ಸಣ್ಣ ಸುತ್ತಿಗೆಯಿಂದ ಮೈ ತಟ್ಟಿದಾಗ ಸ್ವರ ಸ್ಪಷ್ಟವಾಗಿರಬೇಕು, ಬಿರುಕಿದ್ದರೆ ಮಂಕಾದ ಶಬ್ದ ಬರುತ್ತದೆ. ಅಡಿಗಲ್ಲಿನ ಬದಲು ರೈಲು ಕಂಬಿಯ ತುಂಡು ತಂದಿಟ್ಟುಕೊಳ್ಳುವ ರೂಢಿ ಎಲ್ಲ ಕಡೆ ಇದೆ. ಆದರೆ ರೈಲ್ವೆಯ ಸೊತ್ತನ್ನು ಅಕ್ರಮವಾಗಿ ಇಟ್ಟುಕೊಳ್ಳುವುದರ ವಿರುದ್ಧ 1966ರಿಂದಲೇ ಕಾಯ್ದೆಯಿದೆ. ಎಲ್ಲಿಂದ ಬಂತೆಂದು ತಿಳಿಯದ ತುಂಡಿಗಿಂತ ದಪ್ಪ ಪ್ಲೇಟಿನ ತುಂಡು ವಾಸಿ.

ವೈಸಿನ ಜೊತೆಗೆ ನಾಲ್ಕು ಜಿ-ಕ್ಲ್ಯಾಂಪುಗಳು, ಎರಡು ಮ್ಯಾಗ್ನೆಟ್ ಮೂಲೆಗಳು ಬೇಕು. ಮ್ಯಾಗ್ನೆಟ್ ಅನ್ನು ನಂಬಿ ಪೂರ್ತಿ ಬೆಸೆಯಬೇಡಿ. ಟ್ಯಾಕ್ ಹಾಕುವ ತನಕ ಮಾತ್ರ ಅದರ ಕೆಲಸ. ಹತ್ತಿರವೇ ಇದ್ದರೆ ಅದರ ಕಾಂತ ವೆಲ್ಡಿಂಗಿನ ಕಿಡಿಯನ್ನೂ ಪಕ್ಕಕ್ಕೆ ಎಳೆಯುತ್ತದೆ.

ಅಳತೆಯ ಸಾಮಾನಿಗೆ ಹೆಚ್ಚು ದುಡ್ಡು ಬೇಕಿಲ್ಲ: ಒಂದು ಟೇಪು, 300 ಮಿ.ಮೀ. ಸ್ಟೀಲ್ ಸ್ಕೇಲು, ಒಳ್ಳೆಯ ಮೂಲೆಮಟ್ಟ, ವರ್ನಿಯರ್ ಕ್ಯಾಲಿಪರ್, ಗೀರುಕಡ್ಡಿ, ಸೆಂಟರ್ ಪಂಚ್. ಮೂಲೆಮಟ್ಟ ಸರಿಯಿದೆಯೇ ಎಂದು ಅಂಗಡಿಯಲ್ಲೇ ನೋಡಬಹುದು. ನೇರ ಅಂಚಿಗೆ ಒತ್ತಿ ಗೆರೆ ಎಳೆಯಿರಿ, ಮಗುಚಿ ಅದೇ ಬಿಂದುವಿನಿಂದ ಇನ್ನೊಂದು ಗೆರೆ ಎಳೆಯಿರಿ. ಎರಡೂ ಒಂದರ ಮೇಲೊಂದು ಕೂತರೆ ತೊಂಬತ್ತು ಡಿಗ್ರಿ ನಿಜ. ಬೆಸೆಯುವ ಜಾಗದಲ್ಲಿ ಗುರುತಿಗೆ ಪೆನ್ಸಿಲ್, ಸ್ಕೆಚ್ ಪೆನ್ ಉಪಯೋಗವಿಲ್ಲ, ಶಾಖಕ್ಕೆ ಅಳಿಸಿಹೋಗುತ್ತವೆ. ಬಳಪದ ಕಲ್ಲಿನ ಚಪ್ಪಟೆ ಕಡ್ಡಿ ಸಿಗುತ್ತದೆ. ಬೇಲೂರು, ಹಳೇಬೀಡುಗಳ ಶಿಲ್ಪಗಳನ್ನು ಕೆತ್ತಿದ ಕಲ್ಲಿನ ಜಾತಿಯದೇ ಅದು. ಅದರ ಗೆರೆ ಕಬ್ಬಿಣ ಕೆಂಪಾದರೂ ಕಾಣುತ್ತದೆ.

ಕೊಯ್ಯುವುದು

ಹ್ಯಾಕ್ಸಾದಿಂದ ಶುರುಮಾಡಿ. ಐಟಿಐ ಫಿಟ್ಟರ್ ಟ್ರೇಡಿನಲ್ಲಿ ಇಂದಿಗೂ ಮೊದಲು ಕಲಿಸುವುದು ಹ್ಯಾಕ್ಸಾ ಮತ್ತು ಅರವನ್ನೇ. ಬ್ಲೇಡಿನ ಮೇಲೆ ಇಂಚಿಗೆ ಎಷ್ಟು ಹಲ್ಲು ಎಂದು ಬರೆದಿರುತ್ತದೆ: 18, 24, 32. ಕೊಯ್ಯುವ ದಪ್ಪದೊಳಗೆ ಒಂದೇ ಹೊತ್ತಿಗೆ ಕನಿಷ್ಠ ಮೂರು ಹಲ್ಲು ಇರಬೇಕೆಂಬುದು ನಿಯಮ. 18 ಹಲ್ಲಿನ ಬ್ಲೇಡನ್ನು 16 ಗೇಜಿನ ಪೈಪಿಗೆ ಹಾಕಿದರೆ ಪೈಪಿನ ಗೋಡೆಗೆ ಒಂದೆರಡೇ ಹಲ್ಲು ತಾಗಿ, ಅವು ಸಿಕ್ಕಿಕೊಂಡು ಮುರಿಯುತ್ತವೆ. ಪೈಪಿಗೆ 32 ಹಲ್ಲಿನದು, 3 ಮಿ.ಮೀ. ಆ್ಯಂಗಲ್ಲಿಗೆ 24ರದು. ಬ್ಲೇಡನ್ನು ಸ್ವಲ್ಪ ಓರೆಯಾಗಿ ಇಟ್ಟರೆ ಇನ್ನೂ ಹೆಚ್ಚು ಹಲ್ಲು ಸೇರುತ್ತವೆ. ಬಾಣದ ಗುರುತು ನಿಮ್ಮಿಂದ ದೂರಕ್ಕೆ ಇರಬೇಕು, ತಳ್ಳುವಾಗ ಒತ್ತಿ, ಎಳೆಯುವಾಗ ಸಡಿಲ ಬಿಡಬೇಕು.

ಇನ್ನು ಗ್ರೈಂಡರ್. ಮನೆಯ ಶೆಡ್ಡಿನಲ್ಲಿ ಅತಿ ಹೆಚ್ಚು ಬಳಕೆಯಾಗುವ ಯಂತ್ರ ಇದೇ, ಅತಿ ಹೆಚ್ಚು ಗಾಯ ಮಾಡುವುದೂ ಇದೇ. ನಾಲ್ಕು ಇಂಚಿನದು, ಅಂದರೆ 100 ಮಿ.ಮೀ. ಡಿಸ್ಕಿನದು, ನಮ್ಮಲ್ಲಿ ಸಾಮಾನ್ಯ. ಅದಕ್ಕೆ ಬೇಕಾದ ಡಿಸ್ಕುಗಳು ಸಣ್ಣ ಊರಿನ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುತ್ತವೆ ಎನ್ನುವ ಒಂದೇ ಕಾರಣಕ್ಕೆ ಅದನ್ನೇ ಕೊಳ್ಳುವುದು ಜಾಣತನ. ಐದು ಇಂಚಿನದು ಹೆಚ್ಚು ಆಳ ಕೊಯ್ಯುತ್ತದೆ, ನಿಜ. ಆದರೆ ಅದರ ಡಿಸ್ಕಿನ ನಡುವಿನ ತೂತು 22.23 ಮಿ.ಮೀ., ನಾಲ್ಕು ಇಂಚಿನದರ ತೂತು 16 ಮಿ.ಮೀ. ಒಂದರದು ಇನ್ನೊಂದಕ್ಕೆ ಕೂರುವುದಿಲ್ಲ. ಯಂತ್ರ 800 ವ್ಯಾಟ್ ಆಸುಪಾಸು ಇರಲಿ. ಕೊಳ್ಳುವ ಮುಂಚೆ ಕೇಳಬೇಕಾದ್ದು ಇಷ್ಟೇ: ಕಾರ್ಬನ್ ಬ್ರಷ್ ಇಲ್ಲೇ ಸಿಗುತ್ತದೆಯೇ, ರಿಪೇರಿಗೆ ಯಾವ ಊರಿಗೆ ಹೋಗಬೇಕು?

ಡಿಸ್ಕಿನ ಮೇಲಿನ ಲೇಬಲನ್ನು ಒಮ್ಮೆ ನಿಧಾನವಾಗಿ ಓದಿ. ಅಳತೆ 100×1.2×16 ಎಂದಿದ್ದರೆ ನೂರು ಮಿ.ಮೀ. ಅಗಲ, 1.2 ಮಿ.ಮೀ. ದಪ್ಪ, 16 ಮಿ.ಮೀ. ತೂತು. ಪಕ್ಕದಲ್ಲಿ 80 ಮೀಟರ್ ಪ್ರತಿ ಸೆಕೆಂಡ್ ಮತ್ತು 15,300 ಆರ್.ಪಿ.ಎಂ. ಎಂದಿರುತ್ತದೆ. ಇವೆರಡೂ ಒಂದೇ ಮಾತು: ಡಿಸ್ಕಿನ ಅಂಚು ಸೆಕೆಂಡಿಗೆ 80 ಮೀಟರಿಗಿಂತ ವೇಗವಾಗಿ ಹೋಗಬಾರದು, 100 ಮಿ.ಮೀ. ಡಿಸ್ಕಿಗೆ ಆ ಮಿತಿ 15,300 ಸುತ್ತಿನಲ್ಲಿ ಬರುತ್ತದೆ. ನಿಮ್ಮ ಗ್ರೈಂಡರ್ ಸುಮಾರು 11,000 ಸುತ್ತು ತಿರುಗುವಾಗ ಅಂಚಿನ ವೇಗ ಸೆಕೆಂಡಿಗೆ 58 ಮೀಟರ್, ಎಂದರೆ ಗಂಟೆಗೆ 200 ಕಿಲೋಮೀಟರ್ ಮೀರಿದ್ದು. ಈಗ ಅದೇ ಗ್ರೈಂಡರಿನ ಗಾರ್ಡ್ ಬಿಚ್ಚಿ ಏಳು ಇಂಚಿನ ಡಿಸ್ಕ್ ಹೇಗಾದರೂ ಕೂರಿಸಿದರೆ? ವೇಗ 104 ಮೀಟರ್ ಆಗುತ್ತದೆ. ಡಿಸ್ಕನ್ನು ಸೀಳಲು ಎಳೆಯುವ ಬಲ ವೇಗದ ವರ್ಗದಂತೆ ಏರುವುದರಿಂದ, ತಡೆಯಬಲ್ಲದ್ದಕ್ಕಿಂತ ಶೇ. 68ರಷ್ಟು ಹೆಚ್ಚು ಎಳೆತ ಅದರ ಮೇಲೆ ಬೀಳುತ್ತದೆ. ಅದು ಚೂರಾಗಿ ಹಾರಿದಾಗ ಮುಖ ಅಲ್ಲೇ ಇರುತ್ತದೆ. ಗಾರ್ಡ್ ಬಿಚ್ಚಿ ಕೆಲಸ ಮಾಡುವುದನ್ನು ರಸ್ತೆಬದಿಯಲ್ಲಿ ಎಷ್ಟು ಕಂಡಿದ್ದರೂ ಮನೆಗೆ ಅದನ್ನು ತರಬೇಡಿ. ಮರದ ಗರಗಸದ ಬ್ಲೇಡನ್ನು ಗ್ರೈಂಡರಿಗೆ ಹಾಕುವುದಂತೂ ಕೈ ಕಳೆದುಕೊಳ್ಳುವ ದಾರಿ.

ಹಲವು ಡಿಸ್ಕುಗಳ ನಡುವಿನ ಲೋಹದ ಬಳೆಯ ಮೇಲೆ ತಿಂಗಳು, ವರ್ಷ ಮುದ್ರಿಸಿರುತ್ತದೆ. ಡಿಸ್ಕಿನ ಕಣಗಳನ್ನು ಹಿಡಿದಿಟ್ಟಿರುವ ರಾಳ ತೇವಕ್ಕೆ ದುರ್ಬಲವಾಗುವುದರಿಂದ ಸಾಮಾನ್ಯವಾಗಿ ತಯಾರಾದ ಮೂರು ವರ್ಷಕ್ಕೆ ಅದರ ಆಯುಸ್ಸು ಮುಗಿಯುತ್ತದೆ. ಮಲೆನಾಡು, ಕರಾವಳಿಯವರು ಇದನ್ನು ಗಮನವಿಟ್ಟು ನೋಡಬೇಕು. ಹೊಸ ಡಿಸ್ಕ್ ಹಾಕಿದ ಮೇಲೆ ಅದರ ನೇರದಿಂದ ಪಕ್ಕಕ್ಕೆ ಸರಿದು ಒಂದು ನಿಮಿಷ ಖಾಲಿ ಓಡಿಸಿ. ತೆಳು ಕಟಿಂಗ್ ಡಿಸ್ಕಿನ ಪಕ್ಕದಿಂದ ಉಜ್ಜಬೇಡಿ; ಉಜ್ಜಲು 6 ಮಿ.ಮೀ. ದಪ್ಪದ್ದೋ ಫ್ಲಾಪ್ ಡಿಸ್ಕೋ ಬೇರೆ ಇದೆ. ಮನೆ ಕೆಲಸಕ್ಕೆ 60 ಗ್ರಿಟ್ ಫ್ಲಾಪ್ ಡಿಸ್ಕ್ ಒಂದಿದ್ದರೆ ಬೆಸುಗೆಯ ಉಬ್ಬು ತೆಗೆಯುವುದೂ ಅಂಚು ನಯ ಮಾಡುವುದೂ ಅದರಲ್ಲೇ ಆಗುತ್ತದೆ. ಸ್ಟೇನ್‌ಲೆಸ್ ಸ್ಟೀಲಿಗೆ ಪ್ರತ್ಯೇಕ ಡಿಸ್ಕು, ಪ್ರತ್ಯೇಕ ಬ್ರಷ್ಷು ಇಡಿ. ಕಬ್ಬಿಣ ಉಜ್ಜಿದ ಡಿಸ್ಕಿನಿಂದ ಅದನ್ನು ಉಜ್ಜಿದರೆ ಕಬ್ಬಿಣದ ಪುಡಿ ಅಂಟಿಕೊಂಡು ಹೊಳೆಯುವ ರೇಲಿಂಗಿನ ಮೇಲೆ ತುಕ್ಕಿನ ಚುಕ್ಕೆ ಏಳುತ್ತವೆ.

ಹದಿನಾಲ್ಕು ಇಂಚಿನ ಕಟಿಂಗ್ ಮಷೀನು ಎರಡು ಕಿಲೋವ್ಯಾಟಿಗೂ ಹೆಚ್ಚು ಎಳೆಯುತ್ತದೆ, ಕಿಡಿ ಹಲವು ಅಡಿ ದೂರ ಚಿಮ್ಮಿಸುತ್ತದೆ, ಬೀದಿಗೆಲ್ಲ ಕೇಳುವಷ್ಟು ಸದ್ದು ಮಾಡುತ್ತದೆ. ತಿಂಗಳಿಗೆ ನಾಲ್ಕು ಪೈಪು ಕೊಯ್ಯುವ ಮನೆಗೆ ಅದು ಬೇಕಿಲ್ಲ. ಪೈಪು ಕೊಳ್ಳುವ ಅಂಗಡಿಯಲ್ಲೇ ಅಳತೆ ಪಟ್ಟಿ ಕೊಟ್ಟು ಕೊಯ್ಯಿಸಿಕೊಂಡರೆ ಸಾಗಿಸುವುದೂ ಸುಲಭ.

ತೂತು ಕೊರೆಯುವುದು

ಡ್ರಿಲ್ಲಿಂಗಿನಲ್ಲಿ ಎಲ್ಲರೂ ಮಾಡುವ ತಪ್ಪು ವೇಗ. ಗೋಡೆಗೆ ಕೊರೆದ ರೂಢಿಯಲ್ಲಿ ಕಬ್ಬಿಣಕ್ಕೂ ಪೂರ್ತಿ ವೇಗ ಕೊಡುತ್ತಾರೆ, ಬಿಟ್ ನೀಲಿಯಾಗಿ ಮೊಂಡಾಗುತ್ತದೆ. ಎಚ್.ಎಸ್.ಎಸ್. ಬಿಟ್ಟಿನ ಅಂಚು ಮೆದು ಕಬ್ಬಿಣದಲ್ಲಿ ನಿಮಿಷಕ್ಕೆ 25 ಮೀಟರ್ ಸಾಗಿದರೆ ಸಾಕು. ಹತ್ತು ಮಿ.ಮೀ. ಬಿಟ್ಟಿಗೆ ಅದು ಸುಮಾರು 800 ಸುತ್ತು, ಐದು ಮಿ.ಮೀ.ಗೆ 1,600. ಸ್ಟೇನ್‌ಲೆಸ್‌ಗೆ ಇದರ ಅರ್ಧ. ಆದ್ದರಿಂದ ವೇಗ ಕಡಿಮೆ ಮಾಡಬಹುದಾದ 13 ಮಿ.ಮೀ. ಡ್ರಿಲ್ ಕೊಳ್ಳಿ, ಹ್ಯಾಮರ್ ಗುಂಡಿಯನ್ನು ಕಬ್ಬಿಣಕ್ಕೆ ಮುಟ್ಟಬೇಡಿ. ಮೊದಲು ಪಂಚ್ ಹೊಡೆದು ಗುಳಿ ಮಾಡಿ, 3 ಅಥವಾ 4 ಮಿ.ಮೀ. ತೂತು ಹಾಕಿ, ಆಮೇಲೆ ದೊಡ್ಡದು. ಎರಡು ಹನಿ ಎಣ್ಣೆ ಬಿಡಿ. ಸರಿಯಾದ ವೇಗದಲ್ಲಿ ಎರಡೂ ಕಡೆಯಿಂದ ಸುರುಳಿ ಸುರುಳಿಯಾಗಿ ಸಿಪ್ಪೆ ಬರುತ್ತದೆ. ಪುಡಿ ಬರುತ್ತಿದ್ದರೆ ಬಿಟ್ ಮೊಂಡಾಗಿದೆ ಅಥವಾ ಒತ್ತಡ ಸಾಲದು.

ತೂತು ಹೊರಬೀಳುವ ಕೊನೆಯ ಕ್ಷಣದಲ್ಲಿ ಬಿಟ್ ಲೋಹವನ್ನು ಕಚ್ಚಿ ತಿರುಗಿಸುತ್ತದೆ. ಕೈಯಲ್ಲಿ ಹಿಡಿದ ಪಟ್ಟಿ ಆಗ ಕತ್ತಿಯಾಗುತ್ತದೆ. ಎಷ್ಟೇ ಸಣ್ಣ ತುಂಡಿದ್ದರೂ ವೈಸಿಗೆ ಕೊಡಿ. ಡ್ರಿಲ್ ಮಾಡುವಾಗ ಕೈಗವಸು ಬೇಡ, ಸಿಕ್ಕಿಕೊಂಡರೆ ಬೆರಳನ್ನೂ ಎಳೆಯುತ್ತದೆ. ದುಪಟ್ಟಾ, ಸೆರಗು, ಲುಂಗಿಯ ತುದಿ, ಉದ್ದ ಕೂದಲಿಗೂ ಇದೇ ಮಾತು.

ಬೆಸೆಯುವುದು

ಹಳೆಯ ವೆಲ್ಡಿಂಗ್ ಮಷೀನುಗಳು ಭಾರವಿದ್ದದ್ದು ಏಕೆಂದರೆ ಅವುಗಳ ಟ್ರಾನ್ಸ್‌ಫಾರ್ಮರ್ ಸೆಕೆಂಡಿಗೆ 100 ಬಾರಿ ದಿಕ್ಕು ಬದಲಿಸುವ ಕರೆಂಟನ್ನು ನೇರವಾಗಿ ಇಳಿಸಬೇಕಿತ್ತು. ಇನ್ವರ್ಟರ್ ಮಷೀನು ಅದೇ ಕರೆಂಟನ್ನು ಮೊದಲು ಡಿ.ಸಿ. ಮಾಡಿ, ಐ.ಜಿ.ಬಿ.ಟಿ. ಎಂಬ ಸ್ವಿಚ್ಚುಗಳಿಂದ ಸೆಕೆಂಡಿಗೆ ಹತ್ತಾರು ಸಾವಿರ ಬಾರಿ ಕಡಿದು, ಆಮೇಲೆ ಟ್ರಾನ್ಸ್‌ಫಾರ್ಮರಿಗೆ ಕೊಡುತ್ತದೆ. ಬದಲಾವಣೆ ವೇಗವಾದಷ್ಟೂ ಟ್ರಾನ್ಸ್‌ಫಾರ್ಮರ್ ಚಿಕ್ಕದಾಗಿದ್ದರೆ ಸಾಕು. ಹೊರಗೆ ಬರುವುದು ನಯವಾದ ಡಿ.ಸಿ. ಆದ್ದರಿಂದ ಹೊಸಬರಿಗೂ ಕಿಡಿ ಹಿಡಿದುಕೊಳ್ಳುವುದು ಸುಲಭ. ಗುಜರಿಯಲ್ಲಿ ಎಣ್ಣೆ ತುಂಬಿದ ಹಳೆಯ ಮಷೀನು ಅಗ್ಗಕ್ಕೆ ಸಿಕ್ಕರೂ ಮನೆಯ ಸಿಂಗಲ್ ಫೇಸಿಗೆ ಅದು ಬೇಡ.

ಪೆಟ್ಟಿಗೆಯ ಮೇಲೆ ದೊಡ್ಡ ಅಕ್ಷರದಲ್ಲಿ 200 ಆಂಪಿಯರ್ ಎಂದಿರುತ್ತದೆ. ಅದರ ಕೆಳಗಿನ ಸಣ್ಣ ಅಂಕಿಯೇ ಮುಖ್ಯ: ಡ್ಯೂಟಿ ಸೈಕಲ್. 200 ಆಂಪಿಯರಿನಲ್ಲಿ ಶೇ. 60 ಎಂದರೆ ಹತ್ತು ನಿಮಿಷದಲ್ಲಿ ಆರು ನಿಮಿಷ ಬೆಸೆದು ನಾಲ್ಕು ನಿಮಿಷ ಬಿಡುವು ಕೊಡಬೇಕು. ಮನೆಯಲ್ಲಿ ನೀವು 60ರಿಂದ 100 ಆಂಪಿಯರ್ ನಡುವೆ ಇರುತ್ತೀರಿ, ಆದ್ದರಿಂದ ನಿಜವಾಗಿ 160 ಆಂಪಿಯರ್ ಕೊಡುವ ಮಷೀನು ಧಾರಾಳವಾಯಿತು. ಈ ಅಂಕಿಯನ್ನೇ ಬರೆಯದ ಮಷೀನನ್ನು ಬಿಟ್ಟುಬಿಡಿ.

ರಾಡ್ ಯಾವುದು? 6013. ಮೊದಲ ಎರಡು ಅಂಕಿ ಬೆಸುಗೆಯ ಬಲ, ಮೂರನೆಯ 1 ಎಂದರೆ ಯಾವ ಭಂಗಿಯಲ್ಲೂ ಬೆಸೆಯಬಹುದು, ಕೊನೆಯದು ಮೇಲಿನ ಲೇಪದ ಜಾತಿ. ಇದು ಸುಲಭವಾಗಿ ಹೊತ್ತಿಕೊಳ್ಳುವ, ತಪ್ಪನ್ನು ಸಹಿಸುವ ರಾಡು. 7018 ಹೆಚ್ಚು ಗಟ್ಟಿ, ಆದರೆ ಓವನ್ನಿನಲ್ಲಿ ಒಣಗಿಸಿ ಬಳಸಬೇಕಾದ್ದು, ಮನೆಗೆ ಅನಗತ್ಯ. ಮಳೆಗಾಲದಲ್ಲಿ 6013 ಕೂಡ ತೇವ ಹೀರುತ್ತದೆ, ಗಾಳಿಯಾಡದ ಡಬ್ಬಿಯಲ್ಲಿಡಿ.

16 ಗೇಜಿನ ಎರಡು ಪೈಪುಗಳನ್ನು ಮೂಲೆ ಸೇರಿಸುವುದನ್ನು ಹತ್ತಿರದಿಂದ ನೋಡೋಣ. ಮೊದಲು ಎರಡೂ ತುದಿಯ ತುಕ್ಕು, ಬಣ್ಣ, ಎಣ್ಣೆ ತೆಗೆದು ಲೋಹ ಬಿಳುಪಾಗಬೇಕು. ನಡುವೆ ಸಂದಿ ಇರಬಾರದು; ತೆಳು ಪೈಪಿನ ಸಂದಿಯನ್ನು ಬೆಸುಗೆಯಿಂದ ತುಂಬಲು ಹೋದರೆ ತೂತೇ ಆಗುವುದು. 2 ಮಿ.ಮೀ. ರಾಡು, 45ರಿಂದ 55 ಆಂಪಿಯರ್. ಅರ್ತ್ ಕ್ಲ್ಯಾಂಪನ್ನು ಕೆಲಸದ ತುಂಡಿಗೋ ಬೆಂಚಿಗೋ ಹಾಕಿ, ಮನೆಯ ಗ್ರಿಲ್ಲಿಗೋ ನೀರಿನ ಪೈಪಿಗೋ ಹಾಕಬೇಡಿ. ರಾಡಿನ ತುದಿಯನ್ನು ಬೆಂಕಿಕಡ್ಡಿ ಗೀರಿದಂತೆ ಗೀರಿ, ಎತ್ತಿ, ರಾಡಿನ ದಪ್ಪದಷ್ಟೇ ಅಂತರದಲ್ಲಿ ನಿಲ್ಲಿಸಿ. ಅಂತರ ಸರಿಯಿದ್ದರೆ ಚರಚರ ಎಂದು ಒಂದೇ ಸಮನೆ ಸದ್ದು ಬರುತ್ತದೆ. ಹೆಚ್ಚಾದರೆ ಸದ್ದು ಒಡೆದು ಹನಿಗಳು ಸುತ್ತ ಸಿಡಿಯುತ್ತವೆ, ಕಡಿಮೆಯಾದರೆ ರಾಡು ಅಂಟಿಕೊಳ್ಳುತ್ತದೆ. ಕಣ್ಣು ಬೆಳಕಿನ ಮೇಲಲ್ಲ, ಅದರ ಹಿಂದೆ ಕರಗಿ ನಿಂತ ಲೋಹದ ಕೊಳದ ಮೇಲಿರಲಿ. ಕೊಳ ಕುಸಿಯಲು ಶುರುವಾದಂತೆ ಕಂಡ ತಕ್ಷಣ ರಾಡು ಎತ್ತಿಬಿಡಿ, ಎರಡು ಉಸಿರು ಕಾದು ಮುಂದಿನ ಚುಕ್ಕೆ ಹಾಕಿ. ಬೆಸುಗೆಯ ಮೇಲಿನ ಕಿಟ್ಟ ತಣ್ಣಗಾದ ಮೇಲೆ ಚಿಪ್ಪಿಂಗ್ ಸುತ್ತಿಗೆಯಿಂದ ಎಬ್ಬಿಸುವಾಗಲೂ ಕನ್ನಡಕ ಬೇಕು, ಕಿಟ್ಟದ ಚೂರು ನೇರವಾಗಿ ಕಣ್ಣಿಗೆ ಹಾರುತ್ತದೆ.

ಬೆಸುಗೆ ತಣ್ಣಗಾಗುತ್ತ ಕುಗ್ಗುತ್ತದೆ, ಕುಗ್ಗುವಾಗ ಪೈಪನ್ನು ತನ್ನ ಕಡೆ ಎಳೆಯುತ್ತದೆ. ಹೊಸಬರ ಚೌಕಟ್ಟು ಸೊಟ್ಟಗಾಗುವುದು ಇದರಿಂದಲೇ. ನಾಲ್ಕೂ ಮೂಲೆಗೆ ಟ್ಯಾಕ್ ಮಾತ್ರ ಹಾಕಿ ಕರ್ಣಗಳನ್ನು ಅಳೆಯಿರಿ. 1200×600ರ ಚೌಕಟ್ಟಿಗೆ ಎರಡು ಕರ್ಣಗಳೂ 1342 ಮಿ.ಮೀ. ಬರಬೇಕು. ಮೂರು ಮಿ.ಮೀ. ವ್ಯತ್ಯಾಸವಿದ್ದರೆ ಉದ್ದ ಕರ್ಣದ ಮೂಲೆಗೆ ಸುತ್ತಿಗೆಯಿಂದ ಒಂದೇಟು ಕೊಟ್ಟರೆ ಸರಿಹೋಗುತ್ತದೆ, ಪೂರ್ತಿ ಬೆಸೆದ ಮೇಲೆ ಅದಾಗದು. ಆಮೇಲೆ ಒಂದು ಮೂಲೆ ಬೆಸೆದರೆ ಮುಂದಿನದು ಅದರ ಎದುರು ಮೂಲೆ.

ಇದುವರೆಗೆ ಹೇಳಿದ್ದು ರಾಡಿನ ವೆಲ್ಡಿಂಗ್. ಮಿಗ್ ಮಷೀನಿನಲ್ಲಿ ರಾಡಿನ ಬದಲು 0.8 ಮಿ.ಮೀ. ತಂತಿ ತಾನೇ ಹರಿದು ಬರುತ್ತದೆ, ತೆಳು ತಗಡಿಗೆ ಅದೇ ಒಳ್ಳೆಯದು. ಕಾರಿನ ಮೈ ತಗಡು ರಿಪೇರಿ ನಿಮ್ಮ ಉದ್ದೇಶವಾದರೆ ನೇರವಾಗಿ ಮಿಗ್ ಕೊಳ್ಳಿ. ಟಿಗ್ ಬೇಕಾಗುವುದು ಸ್ಟೇನ್‌ಲೆಸ್ಸಿನ ಅಂದವಾದ ಕೆಲಸಕ್ಕೆ. ಆರ್ಗಾನ್ ಸಿಲಿಂಡರ್ ತುಂಬಿಸುವ ಅಂಗಡಿ ಎಷ್ಟು ದೂರವಿದೆ ಎಂದು ನೋಡಿಕೊಂಡು ತೀರ್ಮಾನಿಸಿ. ಅಲ್ಯೂಮಿನಿಯಂ ಬೆಸೆಯಲು ಎ.ಸಿ. ಇರುವ ಟಿಗ್ ಬೇಕು, ಅದು ದುಬಾರಿ ಬಾಬತ್ತು.

ಮೈ ಮತ್ತು ಮನೆ

ವೆಲ್ಡಿಂಗಿನ ಬೆಳಕು ಆ ಕ್ಷಣಕ್ಕೆ ಏನೂ ಮಾಡಿದಂತೆ ಕಾಣುವುದಿಲ್ಲ. ಆರೇಳು ಗಂಟೆಯ ನಂತರ, ನಡುರಾತ್ರಿಯಲ್ಲಿ, ಕಣ್ಣಲ್ಲಿ ಮರಳು ಸೇರಿದಂಥ ಉರಿ ಶುರುವಾಗುತ್ತದೆ. ರಸ್ತೆಬದಿಯ ಕಪ್ಪು ಕನ್ನಡಕ ಇದಕ್ಕೆ ಸಾಲದು. 10 ಅಥವಾ 11ನೇ ಶೇಡಿನ ಗಾಜಿರುವ, ತಾನಾಗಿ ಕಪ್ಪಾಗುವ ಹೆಲ್ಮೆಟ್ ಕೊಳ್ಳಿ. ಎರಡೂ ಕೈ ಬಿಡುವಾಗಿರುವುದರಿಂದ ಕೆಲಸವೂ ಚೆನ್ನಾಗಿ ಬರುತ್ತದೆ. ಮಕ್ಕಳು ಕಾಂಪೌಂಡಿನಾಚೆ ನಿಂತು ನೋಡುತ್ತಾರೆ, ಆದ್ದರಿಂದ ಬೀದಿಯ ಕಡೆಗೆ ಬೆಂಕಿ ಹಿಡಿಯದ ಪರದೆ ಅಥವಾ ತಗಡಿನ ಮರೆ ಇರಲೇಬೇಕು. ಗ್ರೈಂಡರಿಗೆ ಮುಖದ ಶೀಲ್ಡು, ಅದರೊಳಗೆ ಕನ್ನಡಕ, ಕಿವಿಗೆ ಪ್ಲಗ್ಗು. ಬಟ್ಟೆ ಹತ್ತಿಯದು, ಪಾಲಿಯೆಸ್ಟರ್ ಕರಗಿ ಚರ್ಮಕ್ಕೆ ಅಂಟುತ್ತದೆ. ಕಾಲಿಗೆ ಚಪ್ಪಲಿ ಬೇಡ, ಚರ್ಮದ ಶೂ ಇರಲಿ.

ಜಿ.ಐ. ಪೈಪಿನ ಮೇಲಿನ ಸತು 907 ಡಿಗ್ರಿಗೇ ಕುದಿಯುತ್ತದೆ, ಕಬ್ಬಿಣ ಕರಗುವುದು ಸುಮಾರು 1,500 ಡಿಗ್ರಿಗೆ. ಹಾಗಾಗಿ ಬೆಸೆಯುವಾಗ ಸತು ಬಿಳಿ ಹೊಗೆಯಾಗಿ ಏಳುತ್ತದೆ. ಅದನ್ನು ಉಸಿರಾಡಿದವರಿಗೆ ಕೆಲವು ಗಂಟೆಗಳ ಬಳಿಕ ಚಳಿಜ್ವರ ಬರುತ್ತದೆ. ಬೆಲ್ಲ ತಿಂದರೆ, ಹಾಲು ಕುಡಿದರೆ ಸರಿ ಎಂಬ ನಂಬಿಕೆ ಕೆಲಸಗಾರರಲ್ಲಿದೆ. ಶ್ವಾಸಕೋಶಕ್ಕೆ ಹೋದದ್ದಕ್ಕೆ ಹೊಟ್ಟೆಗೆ ಹಾಕಿದ್ದು ಮದ್ದಾಗದು. ಬೆಸೆಯುವ ಜಾಗದ ಸತುವನ್ನು ಉಜ್ಜಿ ತೆಗೆಯಿರಿ, ಬಾಗಿಲು ಪೂರ್ತಿ ತೆರೆಯಿರಿ, ಎನ್95 ದರ್ಜೆಯ ಮಾಸ್ಕ್ ಹಾಕಿ. ಕ್ಲೋರಿನ್ ಇರುವ ಬ್ರೇಕ್ ಕ್ಲೀನರಿನಿಂದ ಒರೆಸಿದ ಲೋಹವನ್ನು ಬೆಸೆಯಲೇಬೇಡಿ, ಅದರ ಆವಿ ಕಿಡಿಗೆ ಸಿಕ್ಕಿ ಫಾಸ್ಜೀನ್ ಎಂಬ ವಿಷಾನಿಲವಾಗುತ್ತದೆ. ಪೆಟ್ರೋಲ್ ಟ್ಯಾಂಕು, ಎಣ್ಣೆ ಡ್ರಮ್ಮು ಖಾಲಿಯಾಗಿದ್ದರೂ ಒಳಗೆ ಆವಿ ತುಂಬಿರುತ್ತದೆ. ಯಾರೇ ಕೇಳಿದರೂ ಆ ಕೆಲಸ ಒಪ್ಪಿಕೊಳ್ಳಬೇಡಿ.

ನಮ್ಮ ಶೆಡ್ಡುಗಳ ದೊಡ್ಡ ತೊಂದರೆ ಅಲ್ಲೇ ನಿಂತಿರುವ ಸ್ಕೂಟರು, ಪಕ್ಕದಲ್ಲೇ ಇಟ್ಟ ಗ್ಯಾಸ್ ಸಿಲಿಂಡರು, ಮೂಲೆಯ ಯು.ಪಿ.ಎಸ್. ಬ್ಯಾಟರಿ. ಪೆಟ್ರೋಲ್ ಆವಿಯೂ ಅಡುಗೆ ಅನಿಲವೂ ಗಾಳಿಗಿಂತ ಭಾರ, ನೆಲದಲ್ಲೇ ಹರಿದು ಕಿಡಿಯ ಹತ್ತಿರ ಬರುತ್ತವೆ. ಕಿಡಿಗಳು 11 ಮೀಟರ್ ತನಕ ಹೋಗಬಹುದೆಂದು ಇಟ್ಟುಕೊಂಡು ಎಲ್ಲವನ್ನೂ ಹೊರಗೆ ಸಾಗಿಸಿ. ಕಾರಿದ್ದರೆ ಅದನ್ನೂ ತೆಗೆಯಿರಿ: ಗ್ರೈಂಡರಿನ ಕಿಡಿ ಕಾರಿನ ಗಾಜಿಗೆ ತಾಗಿ ಕರಗಿ ಅಂಟುತ್ತದೆ, ಒರೆಸಿದರೆ ಹೋಗುವುದಿಲ್ಲ. ಬಿಳಿ ಟೈಲ್ಸಿನ ನೆಲದ ಮೇಲೆ ಬಿದ್ದ ಕಿಡಿ ಒಂದೆರಡು ದಿನದಲ್ಲಿ ತುಕ್ಕಿನ ಕಲೆಯಾಗುತ್ತದೆ. ಹಳೆಯ ತಗಡು ಹಾಸಿ. ಒಂದು ಬಕೆಟ್ ಮರಳು, ಒಂದು ಪೌಡರ್ ಎಕ್ಸ್‌ಟಿಂಗ್ವಿಷರ್ ಕೈಗೆಟುಕುವಲ್ಲಿರಲಿ. ಕೆಲಸ ಮುಗಿಸಿದ ಕೂಡಲೇ ಶಟರ್ ಎಳೆದು ಊಟಕ್ಕೆ ಹೋಗಬೇಡಿ. ಗೋಣಿಚೀಲದ ಮಡಿಕೆಯಲ್ಲೋ ಹಳೆಯ ಪೇಪರಿನ ಕಟ್ಟಿನಲ್ಲೋ ಸೇರಿಕೊಂಡ ಕಿಡಿ ಹೊಗೆಯಿಲ್ಲದೆ ಬಹಳ ಹೊತ್ತು ಬದುಕಿರುತ್ತದೆ. ಉಪಕರಣಗಳಿಗೆ ಎಣ್ಣೆ ಬಟ್ಟೆ ಸವರುತ್ತ, ವೈಸಿನ ತಿರುಪು ಒರೆಸುತ್ತ ಅಲ್ಲೇ ಇನ್ನೊಂದು ಅರ್ಧ ಗಂಟೆ ಇರಿ. ಜೂನಿನಿಂದ ಸೆಪ್ಟೆಂಬರ್ ತನಕ ಆ ಎಣ್ಣೆ ಹೇಗೂ ಸವರಲೇಬೇಕಾದ್ದು, ಇಲ್ಲದಿದ್ದರೆ ಮೂಲೆಮಟ್ಟದ ಅಂಚನ್ನೇ ತುಕ್ಕು ಮೊದಲು ತಿನ್ನುತ್ತದೆ.